ನೊಣ ಬಿದ್ದ ಸಾಂಬಾರಿಗೆ ಬಿಲ್ ಯಾರಿಗೆ?

ಗಿರಾಕಿಯ ಸಾಂಬಾರಿನಲ್ಲಿ ನೊಣ ಕಂಡರೆ ನಾವೇನು ಮಾಡುತ್ತೇವೆ? ಬಟ್ಟಲನ್ನು ಒಳಗೆ ಒಯ್ದು ಬೇರೆ ತಂದಿಡುತ್ತೇವೆ, ಬಿಲ್ಲಿನಲ್ಲಿ ಬರೆಯುವುದಿಲ್ಲ. (ಆ ಹಣವನ್ನು ಸಪ್ಲೈಯರನ ಸಂಬಳದಲ್ಲಿ ಹಿಡಿಯುವ ಧಣಿಗಳ ಮಾತು ಬೇರೆ, ಅವರನ್ನು ಇನ್ನೊಂದು ಸಂಚಿಕೆಯಲ್ಲಿ ವಿಚಾರಿಸಿಕೊಳ್ಳೋಣ.) ಅಮೀರ್‌ಪೇಟ್‌ನ ಖಾಸಗಿ ಆಸ್ಪತ್ರೆಯೊಂದು ಮಾತ್ರ ನೊಣಕ್ಕೂ ಬಿಲ್ ಹಾಕಿದೆ.

ಅಡಿಗೆಮನೆಯಲ್ಲಿ ಹಂಡೆ ಎತ್ತಿ ಎತ್ತಿ ಹರ್ನಿಯಾ ತಂದುಕೊಂಡ ನಮ್ಮ ಸದಸ್ಯರೊಬ್ಬರು ಅಲ್ಲಿ ಆಪರೇಷನ್ ಮಾಡಿಸಿಕೊಂಡರು. ಮೂರು ದಿನಕ್ಕೆ ಮನೆಗೆ ಎಂದಿದ್ದರು. ಮೂರನೆಯ ದಿನವೇ ಹೊಲಿಗೆ ಕೀವಾಯಿತು, ಜ್ವರ ಏರಿತು. ಮತ್ತೆ ಹನ್ನೊಂದು ದಿನ ಹಾಸಿಗೆ, ದುಬಾರಿ ಇಂಜಕ್ಷನ್ನು. ಬಿಲ್ ಮೊದಲು ಹೇಳಿದ್ದರ ಮೂರು ಪಟ್ಟಾಯಿತು, ಹೆಂಡತಿಯ ಕರಿಮಣಿ ಒತ್ತೆಗೆ ಹೋಯಿತು. ಕೇಳಲು ಹೋದ ನಮಗೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬಂದ ಉತ್ತರ: "ಇನ್ಫೆಕ್ಷನ್ ಯಾರ ಕೈಯಲ್ಲಿದೆಯಪ್ಪಾ? ದೇವರಿಚ್ಛೆ."

ಕೈಯಲ್ಲಿಯೇ ಇದೆ, ಸ್ವಾಮಿ! ವಿಯೆನ್ನಾದ ಆಸ್ಪತ್ರೆಯಲ್ಲಿ ಹೆಣ ಕೊಯ್ದ ಕೈಯಲ್ಲೇ ವೈದ್ಯರು ಬಾಣಂತಿಯರನ್ನು ಮುಟ್ಟುತ್ತಿದ್ದರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು 1847ರ ಮೇ ತಿಂಗಳಲ್ಲಿ ಡಾ. ಸೆಮ್ಮೆಲ್‌ವೈಸ್ ಕಟ್ಟು ಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ ಎರಡರ ಹತ್ತಿರಕ್ಕೆ ಇಳಿಯಿತು. ಎರಡು ತಿಂಗಳಲ್ಲಿ ದೇವರು ಮನಸ್ಸು ಬದಲಿಸಿದನೇ?

ಒಂದೇ ಬಟ್ಟೆಯಲ್ಲಿ ಹತ್ತು ಮೇಜು ಒರೆಸಿದರೆ ಕೊಳೆ ಎಲ್ಲಿಗೆ ಹೋಗುತ್ತದೆಂದು ನಮ್ಮ ಕ್ಲೀನರ್ ಹುಡುಗನಿಗೂ ಗೊತ್ತು. ಆ ವಾರ್ಡಿನಲ್ಲಿ ರಾತ್ರಿ ಇಪ್ಪತ್ತು ಹಾಸಿಗೆಗೆ ಒಬ್ಬ ನರ್ಸು, ಒಬ್ಬ ಗುತ್ತಿಗೆ ಆಯಾ. ಒಬ್ಬ ರೋಗಿಯಿಂದ ಇನ್ನೊಬ್ಬನ ಬಳಿಗೆ ಓಡುವ ನಡುವೆ ಕೈ ತೊಳೆಯಲು ಅವರಿಗೆ ಹೊತ್ತೆಲ್ಲಿ? ನಮ್ಮ ಜಗಳ ಅವರ ಮೇಲಲ್ಲ, ಅವರೂ ನಮ್ಮವರೇ. ಆಳು ಕಡಿಮೆ ಮಾಡಿ ಉಳಿಸಿದ ಸಂಬಳ ಮಾಲೀಕನ ಜೇಬಿಗೆ, ಅದರಿಂದೆದ್ದ ಕೀವು ಕೂಲಿಯವನ ಹೊಟ್ಟೆಗೆ.

ಸರ್ಕಾರಿ ಆಸ್ಪತ್ರೆಗಳನ್ನೂ ನಾವು ಹೊಗಳುತ್ತಿಲ್ಲ. 2022ರ ಆಗಸ್ಟ್ 25ರಂದು ಇಬ್ರಾಹಿಂಪಟ್ಟಣದಲ್ಲಿ 34 ಹೆಂಗಸರಿಗೆ ಸಂತಾನಹರಣ ಶಸ್ತ್ರಕ್ರಿಯೆ ನಡೆಯಿತು; ಸೋಂಕಿನಿಂದ ನಾಲ್ವರು ಸತ್ತರು. ಉಳಿದವರಲ್ಲಿ ಹಲವರನ್ನು ನಮ್ಮ ಪಕ್ಕದ ಪಂಜಗುಟ್ಟದ ನಿಮ್ಸ್‌ಗೆ ಸಾಗಿಸಬೇಕಾಯಿತು. ಆಗ ವಿಚಾರಣೆ, ಅಮಾನತು, ಪರಿಹಾರ ಎಲ್ಲವೂ ಆದವು. ನಾಲ್ವರು ಒಟ್ಟಿಗೆ ಸತ್ತರೆ ವಿಚಾರಣೆ; ಒಬ್ಬೊಬ್ಬರಾಗಿ ನರಳಿದರೆ ಬಿಲ್!

ರೋಗಿ ಮನೆಯಿಂದ ಹೊತ್ತು ತಂದ ಸೋಂಕಿಗೆ ಆಸ್ಪತ್ರೆ ಹೊಣೆಯಲ್ಲ, ಒಪ್ಪುತ್ತೇವೆ. ಆದರೆ ಸೇರಿ 48 ಗಂಟೆ ಕಳೆದ ಮೇಲೆ ಹೊಸದಾಗಿ ಕಾಣಿಸಿದ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯದೆಂದೇ ವೈದ್ಯರು ಎಣಿಸುತ್ತಾರೆ. ಅದರ ಔಷಧಿ, ಹಾಸಿಗೆ ಬಾಡಿಗೆ ಆಸ್ಪತ್ರೆಯ ತಲೆಗೇ ಇರಲಿ ಎಂಬುದು ನಮ್ಮ ಬೇಡಿಕೆ. ಇದು ಹುಚ್ಚು ಮಾತಲ್ಲ. ಬಂಡವಾಳಗಾರರ ಅಮೆರಿಕದಲ್ಲೇ, ಮುದುಕರ ಚಿಕಿತ್ಸೆಗೆ ಹಣ ಕೊಡುವ ಸರ್ಕಾರಿ ಮೆಡಿಕೇರ್ ಯೋಜನೆ, ಆಸ್ಪತ್ರೆಯಲ್ಲೇ ತಗುಲಿದ ಕೆಲವು ಸೋಂಕುಗಳಿಗೆ ಹೆಚ್ಚಿನ ಹಣ ಕೊಡುವುದನ್ನು 2008ರ ಅಕ್ಟೋಬರಿನಲ್ಲಿ ನಿಲ್ಲಿಸಿತು.

ಬಾಂಧವರೇ, ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಬಾಯಿ ಮುಚ್ಚಿ ಹಣ ಕಟ್ಟಿ ಬರಬೇಡಿ. ಕೇಸ್ ಪೇಪರು, ಕಲ್ಚರ್ ರಿಪೋರ್ಟು, ಬಿಡಿಬಿಡಿಯಾದ ಬಿಲ್ ಕೇಳಿ. ಚಿಕಿತ್ಸೆಯ ದಾಖಲೆಯನ್ನು ಕೇಳಿದ 72 ಗಂಟೆಗಳಲ್ಲಿ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲೇ ಇದೆ. ತೆಲುಗು, ಇಂಗ್ಲಿಷ್ ಓದಲು ಬಾರದಿದ್ದರೆ ಸಂಘಕ್ಕೆ ತನ್ನಿ. ಭಾನುವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಕಚೇರಿ ತೆರೆದಿರುತ್ತದೆ. ಆ ಹನ್ನೊಂದು ದಿನಗಳ ಬಿಲ್ಲನ್ನು ಹಿಡಿದು ನಾವು ಮತ್ತೆ ಆ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲಲಿದ್ದೇವೆ. ಈ ಸಲ ಇಬ್ಬರೇ ಅಲ್ಲ.