ಕರೆದಾಗ ಬರುವ ಫೋಲ್ಡರ್

ಶಾಲೆಯ ಗಣಕ ಕೊಠಡಿಯಲ್ಲಿ ಇಪ್ಪತ್ತು ಗಣಕಗಳಿವೆ ಎಂದುಕೊಳ್ಳಿ. ಸೋಮವಾರ ಒಂದನೆಯ ಗಣಕದಲ್ಲಿ ಅರ್ಧ ಪ್ರಾಜೆಕ್ಟ್ ಬರೆದಿಟ್ಟ ವಿದ್ಯಾರ್ಥಿನಿಗೆ ಬುಧವಾರ ಹನ್ನೊಂದನೆಯ ಗಣಕ ಸಿಕ್ಕಿತು. ಅವಳ ಕಡತ ಅಲ್ಲಿಯೂ ಸಿಗುವುದು ಹೇಗೆ? ಎಲ್ಲರ ಕಡತಗಳನ್ನೂ ಸರ್ವರ್ ಎಂಬ ಒಂದು ಗಣಕದಲ್ಲಿಟ್ಟು, ಉಳಿದವು ಅದನ್ನು ಜಾಲದ ಮೂಲಕ ಹಂಚಿಕೊಳ್ಳಬೇಕು.

ಯೂನಿಕ್ಸ್ ಮತ್ತು ಅದೇ ಜಾಯಮಾನದ ಲಿನಕ್ಸ್‌ನಲ್ಲಿ ಇದಕ್ಕೆ ಬಳಸುವ ಹಳೆಯ, ನಂಬಿಕಸ್ಥ ವಿಧಾನ ಎನ್‌ಎಫ್‌ಎಸ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಇದನ್ನು ರೂಪಿಸಿತು. ಯೂನಿಕ್ಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬ ಭೇದವಿಲ್ಲ. ಎಲ್ಲ ಫೋಲ್ಡರ್‌ಗಳೂ ಒಂದೇ ಮರದ ಕೊಂಬೆಗಳು. ಸರ್ವರ್‌ನಲ್ಲಿರುವ ಫೋಲ್ಡರನ್ನು ನಮ್ಮ ಗಣಕದ ಮರಕ್ಕೆ ಕಸಿ ಕಟ್ಟುವುದನ್ನೇ 'ಮೌಂಟ್' ಎನ್ನುತ್ತಾರೆ. ಇದಕ್ಕಾಗಿ ಮೊದಲು ಒಂದು ಖಾಲಿ ಫೋಲ್ಡರ್ ಮಾಡಿಕೊಂಡು, ಕಸಿಯನ್ನು ಅದರ ಮೇಲೆ ಕಟ್ಟಬೇಕು.

ಪ್ರತಿದಿನ ಕೈಯಿಂದ ಕಟ್ಟುವುದು ಬೇಸರದ ಕೆಲಸ. ಆದ್ದರಿಂದ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಬರೆದಿಡುತ್ತಾರೆ. ಯಾವ ಸರ್ವರ್‌ನ ಯಾವ ಫೋಲ್ಡರ್, ಅದನ್ನು ಎಲ್ಲಿ ಕಟ್ಟಬೇಕು, ಯಾವ ಬಗೆಯದು, ಯಾವ ನಿಬಂಧನೆಗಳು ಎಂಬುದೆಲ್ಲ ಅದರಲ್ಲಿರುತ್ತದೆ. ಗಣಕ ಚಾಲೂ ಆಗುವಾಗ ಅದನ್ನು ಓದಿ ತಾನೇ ಮೌಂಟ್ ಮಾಡುತ್ತದೆ.

ತೊಂದರೆ ಬರುವುದು ಕರೆಂಟ್ ಹೋಗಿ ಬಂದ ದಿನ. ಸರ್ವರ್ ಇನ್ನೂ ಎದ್ದಿಲ್ಲ. ಉಳಿದ ಗಣಕಗಳು ಅದಕ್ಕಾಗಿ ಕಾಯುತ್ತ ಕೂರುತ್ತವೆ. ಕಾಯಬೇಡ ಎಂದು 'ನೋಫೇಲ್' ನಿಬಂಧನೆ ಸೇರಿಸಿದರೆ ಗಣಕ ಏಳುತ್ತದೆ, ಆದರೆ ಕಸಿ ಕಟ್ಟಿರುವುದಿಲ್ಲ. ಆ ಖಾಲಿ ಫೋಲ್ಡರ್ ಮಾತ್ರ ಅದೇ ಹೆಸರಿನಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಬರೆಯಲು ಅನುಮತಿ ಇದ್ದರೆ, ವಿದ್ಯಾರ್ಥಿನಿ ಉಳಿಸಿದ ಕಡತ ಸರ್ವರ್‌ಗೆ ಹೋಗದೆ ಆ ಗಣಕದ ಡಿಸ್ಕ್‌ನಲ್ಲೇ ಕೂರುತ್ತದೆ. ಮರುದಿನ ಸರಿಯಾಗಿ ಮೌಂಟ್ ಆದೊಡನೆ, ಚಾಪೆಯ ಕೆಳಗೆ ಸರಿದ ಕಾಗದದಂತೆ ಅದು ಮರೆಯಾಗುತ್ತದೆ. ಮೌಂಟ್ ಬಿಡಿಸಿ ನೋಡಿದರೆ ಅದು ಅಲ್ಲಿಯೇ ಇರುತ್ತದೆ.

ಇದಕ್ಕೆ ಒಳ್ಳೆಯ ಪರಿಹಾರ ಆಟೋಎಫ್‌ಎಸ್. ಗಣಕ ಚಾಲೂ ಆಗುವಾಗ ಇದು ಸರ್ವರನ್ನು ಹುಡುಕುವುದಿಲ್ಲ. ಯಾರಾದರೂ ಆ ಫೋಲ್ಡರಿನ ಹೆಸರು ಹೇಳಿ ಒಳಗೆ ಹೋದ ಕ್ಷಣದಲ್ಲಿ ಮೌಂಟ್ ಮಾಡುತ್ತದೆ. ನಿಗದಿಪಡಿಸಿದಷ್ಟು ಹೊತ್ತು, ಉದಾಹರಣೆಗೆ 300 ಸೆಕೆಂಡು, ಯಾರೂ ಬಳಸದಿದ್ದರೆ ಬಿಡಿಸಿಬಿಡುತ್ತದೆ. ಸರ್ವರ್ ಸಿಗದಿದ್ದರೆ 'ಅಂಥ ಫೋಲ್ಡರ್ ಇಲ್ಲ' ಎಂದು ನೇರವಾಗಿ ಹೇಳುತ್ತದೆಯೇ ಹೊರತು, ಬೇರೆಲ್ಲೋ ಸದ್ದಿಲ್ಲದೆ ಬರೆಯಲು ಬಿಡುವುದಿಲ್ಲ. ಇದರ ನಕಾಶೆ ಕಡತದಲ್ಲಿ ಎಡಕ್ಕೊಂದು ನಕ್ಷತ್ರ ಚಿಹ್ನೆ, ಬಲಕ್ಕೆ ಸರ್ವರ್ ವಿಳಾಸದ ಕೊನೆಯಲ್ಲಿ ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿದರೆ, ಒಂದೇ ಸಾಲು ಶಾಲೆಯ ಎಲ್ಲ ವಿದ್ಯಾರ್ಥಿಗಳ ಫೋಲ್ಡರ್‌ಗಳಿಗೂ ಸಾಕು.

ಒಂದು ಎಚ್ಚರಿಕೆ. ಸರ್ವರ್ ನಡುವೆ ನಿಂತುಹೋದಾಗ ಗಣಕ ಕಾಯದಿರಲೆಂದು ಕೆಲವರು 'ಸಾಫ್ಟ್' ನಿಬಂಧನೆ ಹಾಕುತ್ತಾರೆ. ಬರೆಯುವ ಕೆಲಸ ಅರ್ಧಕ್ಕೆ ನಿಂತು ಕಡತ ಕೆಡುವ ಸಂಭವ ಇದರಲ್ಲಿದೆ. ಅಂಕಪಟ್ಟಿ, ಪ್ರಾಜೆಕ್ಟ್‌ಗಳಿರುವ ಕಡೆ ಇದು ಬೇಡ. ಸ್ವಲ್ಪ ಕಾದರೂ ಚಿಂತೆಯಿಲ್ಲ, 'ಹಾರ್ಡ್' ನಿಬಂಧನೆಯೇ ಇರಲಿ.

ವಿದ್ಯಾರ್ಥಿಗಳೇ, ಕೆಲಸಕ್ಕೆ ಕೂರುವ ಮುನ್ನ ನಿಮ್ಮ ಫೋಲ್ಡರಿನೊಳಗೆ ಹೋಗಿ 'ಡಿಎಫ್' ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಒಂದು ಚುಕ್ಕೆ ಇಡಿ. ಉತ್ತರದಲ್ಲಿ ಸರ್ವರಿನ ಹೆಸರು ಕಂಡರೆ ನಿಶ್ಚಿಂತೆಯಿಂದ ಬರೆಯಿರಿ. ಪಾಲಕರೇ, 'ಮಾಡಿದ ಪ್ರಾಜೆಕ್ಟ್ ಮಾಯವಾಯಿತು' ಎಂದು ಮಗು ಹೇಳಿದರೆ ಅದು ನೆಪವೇ ಆಗಿರಬೇಕೆಂದಿಲ್ಲ. ಗದರಿಸುವ ಮೊದಲು, ಯಾವ ಗಣಕದಲ್ಲಿ ಕುಳಿತಿದ್ದೆ ಎಂದು ಕೇಳಿ; ಆ ಚಾಪೆಯನ್ನೊಮ್ಮೆ ಎತ್ತಿ ನೋಡುವಂತೆ ಶಾಲೆಯವರಿಗೆ ತಿಳಿಸಿ.