ಮರಳಿ ಬಂದವನ ಮತ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಬಂಧುಗಳು ಕೇಳಿದರು. ಗುರುಗಳನ್ನೂ ಗೆಳೆಯರನ್ನೂ ನೆನೆಯುವ ಲೇಖನಗಳು ಬಹಳ ಬರುವವೆಂದು ತಿಳಿದು ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಪರದೇಶದ ನಾಗರಿಕತ್ವ ಪಡೆದವನು ಹುಟ್ಟೂರಿಗೆ ಮರಳಿ ಬಂದು ನೆಲೆಸಿದರೆ ಅವನು ಊರಿನವನೋ, ಅತಿಥಿಯೋ? ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹೊರದೇಶದಲ್ಲಿರುವವರಿಗೂ, ಹೊರಡಲು ಸಿದ್ಧರಾದವರಿಗೂ ಈ ಪ್ರಶ್ನೆ ಒಂದಿಲ್ಲೊಂದು ದಿನ ಎದುರಾಗದೆ ಇರದು.

ನನಗೆ ಅದು ಎದುರಾದದ್ದು 2024ರ ನವೆಂಬರ 20ರಂದು, ಮಹಾರಾಷ್ಟ್ರ ವಿಧಾನಸಭೆಯ ಮತದಾನದ ದಿನ. ನಾನು ಅಕ್ಷರ ತಿದ್ದಿದ ಕೋಣೆಯೇ ಅಂದು ಮತಗಟ್ಟೆಯಾಗಿತ್ತು. ತಮ್ಮನೂ ಅವನ ಹೆಂಡತಿಯೂ ಒಳಗೆ ಹೋದರು. ನಾನು ಬೇವಿನ ಮರದ ಕೆಳಗೆ ನಿಂತೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಬಂದ ಹಳೆಯ ಸಹಪಾಠಿಯೊಬ್ಬರು, “ಯಾಕ್ರೀ, ನೀವಿನ್ನೂ ಹಾಕಿಲ್ಲೇನು?” ಎಂದು ಕೇಳಿದರು. ಉತ್ತರ ಕೊಡಲು ನಾಲಗೆ ಏಳಲಿಲ್ಲ.

ಉತ್ತರ ಸರಳವಾದುದೇ. ಅಮೇರಿಕೆಯ ನಾಗರಿಕನಾಗುವಾಗ ಬಲಗೈ ಎತ್ತಿ, ಪರರಾಷ್ಟ್ರಗಳ ನಿಷ್ಠೆಯನ್ನೆಲ್ಲ ತೊರೆಯುವೆನೆಂದು ಪ್ರಮಾಣ ಮಾಡಿದ್ದೆ. ನಮ್ಮ 1955ರ ನಾಗರಿಕತ್ವ ಕಾಯಿದೆಯ 9ನೆಯ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ನಾಗರಿಕನಾದವನು ಭಾರತದ ನಾಗರಿಕನಾಗಿ ಉಳಿಯುವುದಿಲ್ಲ. 2005ರಲ್ಲಿ ಆರಂಭವಾದ ಓಸಿಐ ಕಾರ್ಡ್ ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿದೆ ನಿಜ. ಆಜೀವ ವೀಸಾ ಸಿಗುತ್ತದೆ, ಎಷ್ಟು ಕಾಲ ಇದ್ದರೂ ಪೋಲೀಸರಲ್ಲಿ ನೋಂದಣಿ ಬೇಕಿಲ್ಲ, ವಾಸಕ್ಕೆ ಮನೆಯನ್ನೂ ಕೊಳ್ಳಬಹುದು. ಆದರೆ ಸಾಗರೋತ್ತರ ಭಾರತೀಯ ನಾಗರಿಕ ಎಂಬ ಆ ಹೆಸರಿನಲ್ಲಿ ನಾಗರಿಕನೆಂಬ ಶಬ್ದವಿದೆಯೇ ಹೊರತು ನಾಗರಿಕತ್ವವಿಲ್ಲ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ತಂದೆಯಿಂದ ಬಂದ ದ್ರಾಕ್ಷಿ ತೋಟದಲ್ಲಿ ನನಗೆ ಪಾಲುಂಟು. ಬದುವಿನಾಚೆಯ ಎರಡು ಎಕರೆ ಮಾರಾಟಕ್ಕೆ ಬಂದಾಗ ಮಾತ್ರ ನೋಡುತ್ತ ನಿಲ್ಲಬೇಕಾಯಿತು.

ಹೊಲದ ಮಾತು ಹೋಗಲಿ. ಸಂವಿಧಾನದ 243ನೆಯ ವಿಧಿಯಂತೆ ಗ್ರಾಮಸಭೆಯೆಂದರೆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರ ಸಭೆ. ಕವಲಾಪುರದ ಹಳೆಯ ವಿಮಾನಪಟ್ಟಿಯ ಜಾಗದಲ್ಲಿ ವಿಮಾನ ನಿಲ್ದಾಣವಾಗಬೇಕೆಂಬ ಬೇಡಿಕೆ ಬಹಳ ವರ್ಷಗಳದು. ಅದರ ಬಗ್ಗೆ ನನಗೆ ಅಭಿಪ್ರಾಯವುಂಟು, ಮತವಿಲ್ಲ. ಗಡಿಯ ಕನ್ನಡಿಗರಾದ ನಮಗೆ ಇದು ಸಣ್ಣ ಮಾತಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಮಾಡಿಕೊಡಬೇಕೆಂದು 1956ರಲ್ಲಿ ಸೇರಿದ 350ಎ ವಿಧಿ ಹೇಳುತ್ತದೆ. ಆದರೆ ವಿಧಿ ತಾನಾಗಿ ನಡೆದು ಶಾಲೆಯ ಬಾಗಿಲಿಗೆ ಬರುವುದಿಲ್ಲ, ಕೇಳುವವರು ಬೇಕು. ನೀರಿಗಾಗಿ ಜತ್ತ ತಾಲೂಕಿನ ಗ್ರಾಮ ಪಂಚಾಯತಿಗಳು ಹಿಂದೆ ಮಾಡಿದ್ದ ಠರಾವು 2022ರ ನವೆಂಬರದಲ್ಲಿ ಎರಡು ರಾಜ್ಯ ಸರಕಾರಗಳ ನಡುವಿನ ಮಾತಿಗೆ ಕಾರಣವಾಯಿತು. ಹಳ್ಳಿಯ ಠರಾವಿಗೆ ಅಷ್ಟು ಬಲವಿದೆ. ಆದರೆ ಆ ಬಲ ಇರುವುದು ಪಟ್ಟಿಯಲ್ಲಿ ಹೆಸರಿದ್ದವರ ಕೈಯಲ್ಲಿ. ಶಾಲೆಗೆ ದೇಣಿಗೆ ಕೊಡುವುದು ಒಳ್ಳೆಯದು. ಆದರೆ ಶಿಕ್ಷಕರನ್ನು ಕೊಡಿರೆಂದು ಹಕ್ಕಿನಿಂದ ಕೇಳುವ ಕೆಲಸವನ್ನು ದೇಣಿಗೆಯ ಪಾವತಿ ಮಾಡಲಾರದು.

ಇಮ್ಮಡಿ ನಾಗರಿಕತ್ವ ಕೊಡಬೇಕೆಂದು ಅನೇಕ ಮಿತ್ರರು ವಾದಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಂಕಟ ಬಂದಾಗ ಎದ್ದುಹೋಗಲು ಬೇರೊಂದು ಬಾಗಿಲು ಇಟ್ಟುಕೊಂಡವನು, ಇಲ್ಲೇ ಉಳಿಯಬೇಕಾದವರ ಹಣೆಬರಹ ನಿರ್ಧರಿಸುವುದು ನ್ಯಾಯವಲ್ಲ. ಕಾನೂನು ನಮ್ಮನ್ನು ಕೈಬಿಟ್ಟೂ ಇಲ್ಲ. ಓಸಿಐ ನೋಂದಣಿಯಾಗಿ ಐದು ವರ್ಷ ಕಳೆದವರು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಭಾರತದಲ್ಲಿ ವಾಸಿಸಿದ್ದರೆ, ಅದೇ ಕಾಯಿದೆಯ 5ನೆಯ ಕಲಮಿನಡಿ ಪುನಃ ನಾಗರಿಕತ್ವ ಬೇಡಬಹುದು. ಕೆನಡಾದ ನಾಗರಿಕರಾಗಿದ್ದ ಚಿತ್ರನಟ ಅಕ್ಷಯಕುಮಾರ 2023ರ ಆಗಸ್ಟ 15ರಂದು ತಾವು ಮತ್ತೆ ಭಾರತೀಯರಾದುದನ್ನು ಪ್ರಕಟಿಸಿ, ಮರುವರ್ಷದ ಮೇ 20ರಂದು ಮುಂಬಯಿಯಲ್ಲಿ ಮತ ಹಾಕಿದರು.

ಇದರ ಬೆಲೆ ನನಗೆ ಗೊತ್ತಿಲ್ಲವೆಂದಲ್ಲ. ಮಗಳು, ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ. ಆ ಪಾಸಪೋರ್ಟ ಬಿಟ್ಟುಕೊಟ್ಟರೆ ಅವರನ್ನು ನೋಡಲು ನಾನು ವೀಸಾಕ್ಕೆ ಅರ್ಜಿ ಹಾಕಿ ಕಾಯಬೇಕು. “ಅಪ್ಪಾ, ನನಗೆ ಏನಾದರೂ ಆದರೆ ಮರುದಿನವೇ ಬರಲು ನಿಮಗೆ ಆಗುವುದೇ?” ಎಂದು ಅವಳು ಕೇಳಿದಾಗ ನಾನು ಸುಮ್ಮನಾದೆ. ಆ ಮೌನ ಮರದ ಕೆಳಗಿನ ಮೌನಕ್ಕಿಂತ ಹಗುರವಾಗಿರಲಿಲ್ಲ. ಆದುದರಿಂದ ಚಿಕಿತ್ಸೆಗಾಗಿಯೋ ಮಕ್ಕಳಿಗಾಗಿಯೋ ಕಾರ್ಡ್ ಇಟ್ಟುಕೊಂಡೇ ಇರುವವರನ್ನು ನಾನು ದೂರಲಾರೆ. ಎರಡು ಊರಿನ ನಡುವೆ ಓಡಾಡುವವರಿಗೆ ಅದು ಸಾಕು. ಆದರೆ ಇಲ್ಲಿಯೇ ಬಾಳಿ, ಇಲ್ಲಿಯ ಮಣ್ಣಿಗೇ ಸೇರುವೆನೆಂದು ಬಂದವರು ಅರ್ಧ ದಾರಿಯಲ್ಲಿ ನಿಲ್ಲಬಾರದೆಂಬುದು ನನ್ನ ನಮ್ರ ಅಭಿಪ್ರಾಯ. ಊರಿನ ಕುಂದುಕೊರತೆಗಳ ಬಗ್ಗೆ ಕಟ್ಟೆಯ ಮೇಲೆ ಕುಳಿತು ಟೀಕಿಸುವವನಿಗಿಂತ, ಅವುಗಳ ಹೊಣೆಯಲ್ಲಿ ಪಾಲು ಪಡೆದವನು ಊರಿಗೆ ಹೆಚ್ಚು ಬೇಕಾದವನು.

ಅರ್ಜಿಯನ್ನು ತುಂಬಿ ಇಟ್ಟಿದ್ದೇನೆ. ಸಹಿ ಮಾತ್ರ ಉಳಿದಿದೆ. ಮಹೋತ್ಸವಕ್ಕೆ ಮಗಳು ಬರಲಿದ್ದಾಳೆ. ಅವಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಪ್ರಶ್ನೆಗೆ ಉತ್ತರ ಹೇಳಿ, ಆಮೇಲೆ ಸಹಿ ಹಾಕುವೆನು. ಮುಂದಿನ ಮತದಾನದ ದಿನ ಅದೇ ಕೋಣೆಯೊಳಗೆ ಸರತಿಯಲ್ಲಿ ನಿಲ್ಲುವ ಭಾಗ್ಯ ಒದಗಲಿ, ನಮ್ಮ ಕನ್ನಡ ಶಾಲೆ ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.