ಬಾಯಿಬಿಟ್ಟು ಹೇಳದ ‘ಇಲ್ಲ’

ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಅಪಘಾತದಲ್ಲಿ ಗಾಯಗೊಂಡ ಸೋದರಮಾವನನ್ನು ಚಿಕ್ಕ ಊರಿನ ಆಸ್ಪತ್ರೆಗೆ ಸೇರಿಸಿದ್ದಾರೆ. ರಾತ್ರಿಯೇ ದೊಡ್ಡ ಊರಿಗೆ ಕರೆದೊಯ್ಯುವುದೋ, ಬೆಳಗಾಗಲೆಂದು ಕಾಯುವುದೋ ಎಂಬ ಚಿಂತೆ ಮನೆಯವರಿಗೆ. ವೈದ್ಯರು ಚೀಟಿಯಲ್ಲಿ ಒಂದು ಸಾಲು ಇಂಗ್ಲಿಷ್ ಗೀಚಿ ಒಳಗೆ ಹೋಗಿದ್ದಾರೆ: ‘ಹಿ ಹ್ಯಾಸ್ ಲಾಸ್ಟ್ ಟೂ ಮಚ್ ಬ್ಲಡ್ ಟು ಬಿ ಮೂವ್ಡ್ ಟುನೈಟ್.’ ಚೀಟಿ ಬಿ.ಎ. ಓದುವ ಮಗನ ಕೈಗೆ ಬರುತ್ತದೆ.

“ಏನಂತೋ ಬರೆದಿರೋದು?” ಎಂದು ತಾಯಿ ಕೇಳುತ್ತಾಳೆ.

“ರಕ್ತ ತುಂಬಾ ಹೋಗಿದೆಯಂತಮ್ಮ. ಈ ರಾತ್ರಿಯೇ ಸಾಗಿಸಬೇಕಂತೆ.”

ತಂದೆ ಟ್ಯಾಕ್ಸಿ ತರಲು ಹೊರಟೇಬಿಡುತ್ತಾರೆ. ದಾದಿ ಬಾಗಿಲಲ್ಲೇ ತಡೆದು, “ಸಾಗಿಸಬಾರದು ಅಂತ ತಾನೇ ಡಾಕ್ಟರು ಬರೆದಿರೋದು?” ಎನ್ನದಿದ್ದರೆ ಮುಂದೆ ಏನಾಗುತ್ತಿತ್ತೋ!

ಹುಡುಗನನ್ನು ದಡ್ಡನೆನ್ನುವಂತಿಲ್ಲ. ಆ ವಾಕ್ಯದಲ್ಲಿ ‘ನಾಟ್’ ಎಂಬ ಪದವೇ ಇಲ್ಲ. ಔಷಧದ ಸೀಸೆಯ ಮೇಲೆ ‘ಟು ಬಿ ಟೇಕನ್’ ಎಂದಿದ್ದರೆ ‘ತೆಗೆದುಕೊಳ್ಳತಕ್ಕದ್ದು’ ಎಂದೇ ಅರ್ಥ. ‘ಟು ಬಿ ಮೂವ್ಡ್’ ಎಂಬುದನ್ನೂ ಅವನು ಹಾಗೆಯೇ ಓದಿಕೊಂಡನು. ಅವನ ಕಣ್ಣಿಗೆ ಬೀಳದೆ ಹೋದುದು ‘ಮಚ್’ ಎಂಬುದರ ಹಿಂದೆ ಕುಳಿತಿದ್ದ ‘ಟೂ’.

ಕನ್ನಡದಲ್ಲಿ ಹೌದು-ಇಲ್ಲಗಳ ಹೊರೆಯನ್ನು ಹೊರುವುದು ಕ್ರಿಯೆ. ‘ಕೊಳ್ಳುವಷ್ಟು ಹಣ’, ‘ಕೊಳ್ಳಲಾಗದಷ್ಟು ಬೆಲೆ’ ಎಂಬಲ್ಲಿ ‘ಅಷ್ಟು’ ಎರಡೂ ಕಡೆ ಒಂದೇ. ಬದಲಾದುದು ಅದರ ಹಿಂದಿನ ಕ್ರಿಯಾರೂಪ. ಇಂಗ್ಲಿಷಿನ ರೀತಿ ಇದಕ್ಕೆ ತಿರುಗುಮುರುಗು. ಅಲ್ಲಿ ‘ಟು’ ಹಿಡಿದು ಬರುವ ಕ್ರಿಯೆ, ಅಂದರೆ ವೈಯಾಕರಣರ ‘ಇನ್ಫಿನಿಟಿವ್’, ತಾನು ನಡೆಯುವುದೋ ಇಲ್ಲವೋ ಎಂಬುದನ್ನು ತಾನಾಗಿ ಹೇಳುವುದಿಲ್ಲ. ನಾಮಪದದ ಮುಂದೆ ನಿಂತ ಪರಿಮಾಣವಾಚಕವನ್ನು ಕೇಳಬೇಕು. ‘ಇನಫ್ ಟೈಮ್ ಟು ಈಟ್’ ಎಂದರೆ ಊಟ ಆದೀತು. ‘ಟೂ ಲಿಟಲ್ ಟೈಮ್ ಟು ಈಟ್’ ಎಂದರೆ ಅಂದು ಉಪವಾಸವೇ ಸರಿ. ‘ಟು ಈಟ್’ ಎಂಬುದು ಮಾತ್ರ ಎರಡು ಕಡೆಯೂ ಮುಖಭಾವ ಬದಲಿಸದೆ ನಿಂತಿದೆ!

ಆದುದರಿಂದಲೇ ಕನ್ನಡಿಗ ವಿದ್ಯಾರ್ಥಿ ‘ಇಂದು ಮುಗಿಸಲಾಗದಷ್ಟು ಕೆಲಸ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಟೂ ಮಚ್ ವರ್ಕ್ ನಾಟ್ ಟು ಫಿನಿಶ್’ ಎಂದುಬಿಡುತ್ತಾನೆ. ‘ಆಗದ’ ಎಂಬುದಕ್ಕೆ ಏನಾದರೊಂದು ಬೇಕಲ್ಲವೇ! ‘ಟೂ’ ತನ್ನ ಹೊಟ್ಟೆಯಲ್ಲಿಯೇ ನಿಷೇಧವನ್ನು ಇಟ್ಟುಕೊಂಡಿರುವುದು ಅವನಿಗೆ ಹೊಳೆಯುವುದಿಲ್ಲ. ‘ಬಹಳ ಚೆನ್ನಾಗಿದೆ’ ಎನ್ನಲು ‘ಟೂ ಗುಡ್’ ಎಂದು ಅಭ್ಯಾಸವಾದ ನಾಲಗೆಗೆ ಇದು ಇನ್ನೂ ಕಷ್ಟ. ಈ ‘ಟೂ’ ಮತ್ತು ಕ್ರಿಯೆಯ ಹಿಂದಿನ ‘ಟು’ ಮೂಲದಲ್ಲಿ ಒಂದೇ ಪದವೆಂಬುದು ಸ್ವಾರಸ್ಯದ ಸಂಗತಿ. ಒತ್ತಿ ನುಡಿದ ರೂಪಕ್ಕೆ ಬರವಣಿಗೆಯಲ್ಲಿ ಎರಡು ‘ಒ’ ಬರುವ ರೂಢಿ ಬಂದದ್ದು 16ನೆಯ ಶತಮಾನದಿಂದೀಚೆಗೆ.

‘ಲಿಟಲ್’ನ ಆಟ ಬೇರೆ. ತನ್ನಲ್ಲಿ ‘ಲಿಟಲ್ ಮನಿ ಟು ಸ್ಪೆಂಡ್’ ಇದೆ ಎನ್ನುವವನನ್ನು ಏನೂ ಕೇಳದಿರುವುದು ಲೇಸು. ‘ಎ ಲಿಟಲ್ ಮನಿ ಟು ಸ್ಪೆಂಡ್’ ಎನ್ನುವವನನ್ನು ಒಂದು ಲೋಟ ಕಾಫಿಯನ್ನಾದರೂ ಕೇಳಬಹುದು. ಒಂದಕ್ಷರದ ‘ಎ’ ಬಡತನವನ್ನು ಕೊಂಚ ಅನುಕೂಲವಾಗಿಸುತ್ತದೆ. ಎಣಿಸಬಹುದಾದ ವಸ್ತುಗಳಿಗೆ ‘ಫ್ಯೂ’, ‘ಎ ಫ್ಯೂ’ಗಳ ಕಥೆಯೂ ಇದೇ. ಕನ್ನಡದ ‘ಸ್ವಲ್ಪ’ಕ್ಕೆ ಈ ಉಪಾಯವಿಲ್ಲ, ‘ಹೆಚ್ಚು ಹಣವಿಲ್ಲ’ ಎಂದು ಮತ್ತೆ ಕೊನೆಯಲ್ಲಿಯೇ ಹೇಳಬೇಕು.

‘ಇನಫ್’ ನಾಮಪದಕ್ಕೆ ಮುಂಚೆ, ಗುಣವಾಚಕದ ಅನಂತರ: ‘ಇನಫ್ ಮನಿ’, ಆದರೆ ‘ರಿಚ್ ಇನಫ್’. ‘ಟೈಮ್ ಇನಫ್’ ಎಂಬ ಹಳೆಯ ಜಾಡು ಇನ್ನೂ ಅಲ್ಲಲ್ಲಿ ಕೇಳಿಬರುವುದುಂಟು. ಕುರ್ಚಿಯ ಮಾತು ಬಂದಾಗ ಮಾತ್ರ ಎಚ್ಚರ ಬೇಕು. ‘ಕೂರಲು ಸಾಕಷ್ಟು ಕುರ್ಚಿ’ ಎಂದರೆ ಕನ್ನಡಕ್ಕೆ ಸಾಕು. ‘ಮೇಲೆ’ ಎಂದು ಹೇಳುವ ಅಗತ್ಯವಿಲ್ಲ. ಇಂಗ್ಲಿಷಿಗೆ ‘ಇನಫ್ ಚೇರ್ಸ್ ಟು ಸಿಟ್ ಆನ್’ ಎಂದೇ ಆಗಬೇಕು. ಆ ‘ಆನ್’ ಕೈಬಿಟ್ಟರೆ ಅತಿಥಿಗಳು ಕುಳಿತಾರು, ಪರೀಕ್ಷಕರು ಸುಮ್ಮನಿರಲಾರರು.

ಆಸ್ಪತ್ರೆಯ ಆ ಹುಡುಗನಿಗೆ ಬೆಳಿಗ್ಗೆ ಇನ್ನೊಂದು ಚೀಟಿ ಬಂದೀತು: ‘ಹಿ ಹ್ಯಾಸ್ ಇನಫ್ ಸ್ಟ್ರೆಂತ್ ಟು ಬಿ ಮೂವ್ಡ್ ನೌ.’ ಅದೇ ‘ಟು ಬಿ ಮೂವ್ಡ್’. ತಂದೆ ಆಗಲೇ ಎದ್ದು ನಿಂತಿದ್ದಾರೆ.

“ಇರಿ ಅಪ್ಪಾ,” ಎಂದು ಹುಡುಗ ಚೀಟಿಯನ್ನು ಮೊದಲು ದಾದಿಗೆ ತೋರಿಸಲು ಹೋಗುತ್ತಾನೆ.